ನೆಲಮಾಳಿಗೆಯ ದ್ರಾಕ್ಷಾರಸವೂ ಲೂಯಿ ಪಾಶ್ಚರರೂ

ಕಾನಾ ಊರಿನ ಮದುವೆಯ ವೃತ್ತಾಂತವನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಆ ಔತಣದ ಮೇಲ್ವಿಚಾರಕನು ತನ್ನ ಮುಂದಿಟ್ಟ ದ್ರಾಕ್ಷಾರಸವು ಎಲ್ಲಿಂದ ಬಂದಿತೆಂಬುದನ್ನು ಅರಿಯದೆಯೇ ರುಚಿ ನೋಡಿ, ಅದು ಉತ್ತಮವಾದುದೆಂದು ತೀರ್ಪಿತ್ತನು. ಅರಿಯದೆ ರುಚಿ ನೋಡಿದುದರಿಂದಲೇ ಅವನ ಸಾಕ್ಷ್ಯಕ್ಕೆ ಅಷ್ಟು ಬೆಲೆ. ಹದಿನೆಂಟು ಶತಮಾನಗಳ ತರುವಾಯ ಇದೇ ಬಗೆಯ ಸಾಕ್ಷ್ಯವನ್ನು ವಿಜ್ಞಾನಕ್ಕಾಗಿ ಬಯಸಿದ ಮಹನೀಯರೊಬ್ಬರ ಜೀವನವನ್ನು ಇಲ್ಲಿ ಸ್ಮರಿಸಬಯಸುತ್ತೇವೆ. ಅವರೇ ಲೂಯಿ ಪಾಶ್ಚರ್.

ಹುಚ್ಚುನಾಯಿ ಕಡಿತದ ಚುಚ್ಚುಮದ್ದಿನಿಂದ ಅವರ ಹೆಸರು ನಮ್ಮ ನಾಡಿನಲ್ಲಿ ಮನೆಮಾತಾಗಿದೆ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಅವರು ದ್ರಾಕ್ಷಾರಸ ಕೆಡುವುದೇಕೆಂಬ ಪ್ರಶ್ನೆಯೊಡನೆ ಸೆಣಸಿದರೆಂಬುದು ಎಲ್ಲರಿಗೂ ತಿಳಿದಿರಲಾರದು. ಕ್ರಿಸ್ಮಸ್ ಹಬ್ಬಕ್ಕೆಂದು ಜಾಡಿಯಲ್ಲಿ ದ್ರಾಕ್ಷಿಯನ್ನು ಹುದುಗಿಡುವ ನಮ್ಮ ತಾಯಂದಿರಿಗೆ ಈ ಪ್ರಶ್ನೆ ಹೊಸದಲ್ಲ. ಒಂದೇ ಬುಟ್ಟಿಯ ಹಣ್ಣು, ಒಂದೇ ಕೈಯ ಅಳತೆ. ಆದರೂ ಒಂದು ಜಾಡಿಯದು ಸೊಗಸಾಗಿರುತ್ತದೆ, ಇನ್ನೊಂದು ಜಾಡಿಯದು ಹುಳಿತು ಹೋಗಿರುತ್ತದೆ. ಪವಿತ್ರ ಬಲಿಪೂಜೆಗೆ ಬಳಸುವ ದ್ರಾಕ್ಷಾರಸವು ಶುದ್ಧ ದ್ರಾಕ್ಷಿಯದಾಗಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ. ಆದುದರಿಂದ ಈ ಪ್ರಶ್ನೆ ಅಡಿಗೆಮನೆಗೆ ಮಾತ್ರ ಸೇರಿದುದಲ್ಲ.

ಪಾಶ್ಚರರು 1822ರ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ಜೂರಾ ಸೀಮೆಯ ದೋಲ್ ಪಟ್ಟಣದಲ್ಲಿ ಜನಿಸಿದರು. ನೆಪೋಲಿಯನ್ನನ ಸೈನ್ಯದಲ್ಲಿದ್ದ ತಂದೆ ಚರ್ಮ ಹದಮಾಡುವ ಕಸುಬಿನಿಂದ ಸಂಸಾರವನ್ನು ಸಾಗಿಸುತ್ತಿದ್ದರು. ಬಾಲಕ ಲೂಯಿ ಬೆಳೆದುದು ದ್ರಾಕ್ಷಿತೋಟಗಳಿಂದ ಸುತ್ತುವರಿದ ಆರ್ಬುವಾ ಎಂಬ ಊರಿನಲ್ಲಿ, ಕ್ವಿಸಾಂಸ್ ನದಿಯ ದಡದ ಮನೆಯಲ್ಲಿ. ಅಲ್ಲಿನ ಜನರಿಗೆ ದ್ರಾಕ್ಷಿಯೇ ಅನ್ನ, ದ್ರಾಕ್ಷಿಯೇ ಹಬ್ಬ. ಇಂದಿಗೂ ಸೆಪ್ಟೆಂಬರ್ ತಿಂಗಳ ಮೊದಲ ಭಾನುವಾರ ಆ ಊರಿನವರು ಹೊಸ ದ್ರಾಕ್ಷಿಗೊಂಚಲುಗಳನ್ನು ಒಂದೇ ಭಾರಿ ಗೊಂಚಲಿನಂತೆ ಕಟ್ಟಿ, ಹೆಗಲ ಮೇಲೆ ಹೊತ್ತು, ಮೆರವಣಿಗೆಯಲ್ಲಿ ತಂದು ಸಂತ ಜುಸ್ತರ ದೇವಾಲಯದಲ್ಲಿ ಅರ್ಪಿಸುತ್ತಾರೆ. ಪಾಶ್ಚರರು ಕೀರ್ತಿಶಿಖರವನ್ನೇರಿದ ಮೇಲೂ ರಜೆಯಲ್ಲಿ ಊರಿಗೆ ಬಂದಾಗ ಈ ಮೆರವಣಿಗೆಯಲ್ಲಿ ತಮ್ಮ ಊರವರೊಡನೆ ನಡೆಯುತ್ತಿದ್ದರು.

1854ರಲ್ಲಿ ಲೀಲ್ ನಗರದ ವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರಾಗಿ ಹೋದ ಪಾಶ್ಚರರು ಅಲ್ಲಿ ಹುದುಗುವಿಕೆಯ ಅಧ್ಯಯನವನ್ನು ಕೈಗೊಂಡರು. ಹುದುಗುವಿಕೆ ಕೇವಲ ನಿರ್ಜೀವ ವಸ್ತುಗಳ ಮಾರ್ಪಾಡಲ್ಲ, ಕಣ್ಣಿಗೆ ಕಾಣದ ಜೀವಿಗಳ ಕಾರ್ಯವೆಂಬುದು ಅವರ ಪ್ರಯೋಗಗಳಿಂದ ಸ್ಥಿರಪಟ್ಟಿತು. ಹಾಗಿದ್ದಲ್ಲಿ ದ್ರಾಕ್ಷಾರಸ ಕೆಡುವುದಕ್ಕೂ ಬೇರೆ ಜೀವಿಗಳೇ ಕಾರಣವಾಗಿರಬೇಕಲ್ಲವೇ? 1863ರಲ್ಲಿ ಮೂರನೆಯ ನೆಪೋಲಿಯನ್ ಚಕ್ರವರ್ತಿಯು ಈ ವಿಷಯವನ್ನು ಪರಿಶೀಲಿಸುವಂತೆ ಅವರನ್ನು ಪ್ರೇರೇಪಿಸಿದನು. ಆ ಕಾಲದಲ್ಲಿ ಫ್ರಾನ್ಸಿನ ದ್ರಾಕ್ಷಾರಸವು ಹೊರದೇಶಗಳನ್ನು ತಲಪುವ ಮುನ್ನವೇ ಕೆಡುತ್ತಿದೆಯೆಂಬ ದೂರು ಬಲವಾಗಿತ್ತು. ಸಹಸ್ರಾರು ರೈತಕುಟುಂಬಗಳ ಬದುಕು ಅದರ ಮೇಲೆ ನಿಂತಿತ್ತು.

ಪಾಶ್ಚರರು ತಮ್ಮ ಶಿಷ್ಯರೊಡನೆ ಆರ್ಬುವಾ ಊರಿಗೆ ಬಂದು, ಹಳೆಯ ಕಾಫಿ ಅಂಗಡಿಯೊಂದನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡರು. ಊರಿನ ಬಡಗಿಯೂ ತಗಡಿನ ಕೆಲಸದವನೂ ಮಾಡಿಕೊಟ್ಟ ಸಲಕರಣೆಗಳೇ ಅವರ ಉಪಕರಣಗಳಾದವು. ಅಂಗಡಿಯ ಹಳೆಯ ಫಲಕ ಹಾಗೆಯೇ ಇದ್ದುದರಿಂದ ಪಾನೀಯ ಕೇಳಿಕೊಂಡು ಒಳಬಂದ ದಾರಿಹೋಕರು ಗಾಜಿನ ನಳಿಕೆಗಳನ್ನು ಕಂಡು ಬೆರಗಾಗುತ್ತಿದ್ದರಂತೆ. ಬಾಲ್ಯದ ಗೆಳೆಯರು ತಂತಮ್ಮ ಮನೆಯ ನೆಲಮಾಳಿಗೆಗಳಲ್ಲಿ ಕಾಪಿಟ್ಟಿದ್ದ ದ್ರಾಕ್ಷಾರಸವನ್ನು, ಒಳ್ಳೆಯದನ್ನೂ ಕೆಟ್ಟುದನ್ನೂ, ತಂದುಕೊಟ್ಟರು. ಒಂದು ಹುಳಿತಿದ್ದರೆ ಇನ್ನೊಂದು ಕಹಿಯಾಗಿತ್ತು. ಮತ್ತೊಂದು ಎಣ್ಣೆಯಂತೆ ನೂಲೆಳೆಯುತ್ತಿತ್ತು. ಪ್ರತಿಯೊಂದು ಕೇಡಿಗೂ ತನ್ನದೇ ಆದ ಸೂಕ್ಷ್ಮಜೀವಿ ಇರುವುದನ್ನು ಪಾಶ್ಚರರು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದರು. ನುರಿತ ರುಚಿಪರೀಕ್ಷಕನು ನಾಲಗೆಗೆ ತಾಗಿಸುವ ಮೊದಲೇ, ತೊಟ್ಟಿನಷ್ಟು ಗಷ್ಟನ್ನು ನೋಡಿ ಅದರ ರುಚಿ ಹೇಗಿರುವುದೆಂದು ಅವರು ಹೇಳಬಲ್ಲವರಾದರು.

ವರ್ಷಗಳು ಕಳೆದಂತೆ ದ್ರಾಕ್ಷಾರಸ ತಾನಾಗಿ ಉತ್ತಮವಾಗುತ್ತದೆಂಬ ನಂಬಿಕೆಯನ್ನೂ ಅವರು ಪರೀಕ್ಷೆಗೊಡ್ಡಿದರು. ಕೆಲವು ಗಾಜಿನ ನಳಿಕೆಗಳನ್ನು ಕಂಠದವರೆಗೆ ತುಂಬಿ, ಕೆಲವನ್ನು ಅರ್ಧ ತುಂಬಿ ಮುಚ್ಚಿಟ್ಟರು. ಗಾಳಿಯಿದ್ದ ನಳಿಕೆಗಳ ರಸವು ಬೇಗನೆ ಬಣ್ಣ ಬದಲಿಸಿ ಗಷ್ಟನ್ನು ಇಳಿಸಿ ಮುಪ್ಪಿನ ಲಕ್ಷಣಗಳನ್ನು ತೋರಿತು. ತುಂಬಿದ ನಳಿಕೆಗಳದು ಹೊಸದರಂತೆಯೇ ಉಳಿಯಿತು. ಪೀಪಾಯಿಯ ಮರದ ಮೂಲಕ ಮೆಲ್ಲಮೆಲ್ಲನೆ ಸೇರುವ ಪ್ರಾಣವಾಯುವೇ ದ್ರಾಕ್ಷಾರಸವನ್ನು ಹದಗೊಳಿಸುತ್ತದೆಂದು ಅವರು ನಿರ್ಣಯಿಸಿದರು. ಗಾಳಿಯಿಲ್ಲದೆಯೂ ನಿಧಾನವಾಗಿ ನಡೆಯುವ ಮಾರ್ಪಾಡುಗಳಿವೆಯೆಂದು ಮುಂದಿನವರು ಕಂಡುಕೊಂಡರೂ ಈ ಪ್ರಯೋಗದ ಮಹತ್ವ ಕುಂದಿಲ್ಲ.

ಇನ್ನು ಕೇಡಿಗೆ ಪರಿಹಾರ. ಬಿರಡೆ ಬಿಗಿದ ಸೀಸೆಗಳನ್ನು ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ವಲ್ಪ ಹೊತ್ತು ಬಿಸಿಮಾಡಿದರೆ ಕೇಡುಮಾಡುವ ಜೀವಿಗಳು ನಾಶವಾಗುತ್ತವೆಂದು ಅವರು ತೋರಿಸಿದರು. 1865ರಲ್ಲಿ ಈ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದರಾದರೂ ಅದರಿಂದ ಲಾಭ ಗಳಿಸದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಇಂದು ನಮ್ಮ ಮನೆಗೆ ಬರುವ ಹಾಲಿನ ಪೊಟ್ಟಣದ ಮೇಲೆ ಕಾಣುವ ಪಾಶ್ಚರೀಕರಣವೆಂಬ ಮಾತಿನ ಹುಟ್ಟು ಇದೇ.

ಆದರೆ ಬಿಸಿಮಾಡಿದರೆ ರುಚಿ ಕೆಡದೇ? ವರ್ತಕರ ಶಂಕೆ ಇದಾಗಿತ್ತು. ಆ ವರ್ಷದ ಕೊನೆಯಲ್ಲಿ ಪ್ಯಾರಿಸ್ಸಿನ ದ್ರಾಕ್ಷಾರಸ ವರ್ತಕರ ಸಮಿತಿಯೊಂದು ಬಿಸಿಮಾಡಿದುದನ್ನೂ ಮಾಡದುದನ್ನೂ ಸವಿದು ಹೋಲಿಸಿತು. ವ್ಯತ್ಯಾಸವಿದ್ದೇ ತೀರಬೇಕೆಂಬ ಭಾವನೆಯೇ ನಾಲಗೆಯನ್ನು ಆಳುತ್ತಿದೆಯೆಂಬ ಸಂದೇಹ ಪಾಶ್ಚರರಿಗೆ ಬಂದಿತು. ಅವರು ತಿಳಿಸದೆಯೇ ಒಂದೇ ದ್ರಾಕ್ಷಾರಸವನ್ನು ಎರಡು ಬಟ್ಟಲುಗಳಲ್ಲಿ ಮುಂದಿಟ್ಟರು. ಅನುಭವಿಗಳಾದ ಆ ಪರೀಕ್ಷಕರು ಅವೆರಡರ ನಡುವೆಯೂ ಭೇದವನ್ನು ಕಂಡುಹಿಡಿದರು! ಅವರು ಸುಳ್ಳುಗಾರರಾಗಿರಲಿಲ್ಲ. ಪ್ರಾಮಾಣಿಕ ಮನುಷ್ಯನನ್ನೂ ಅವನ ಪೂರ್ವಗ್ರಹವು ಮೋಸಗೊಳಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕೆ? ಮುಂದೆ ನೌಕಾಪಡೆಯ ಹಡಗಿನಲ್ಲಿ ಎರಡು ಬಗೆಯ ದ್ರಾಕ್ಷಾರಸವನ್ನೂ ಹಲವು ತಿಂಗಳು ಸಾಗಿಸಿ ನೋಡಿದಾಗ, ಬಿಸಿಮಾಡಿದುದು ಸವಿಯಾಗಿ ಉಳಿದು, ಇನ್ನೊಂದು ಹುಳಿಗೆ ತಿರುಗುತ್ತಿದ್ದುದು ಕಂಡುಬಂದಿತು.

ಈ ಯಶಸ್ಸಿನ ದಿನಗಳು ಅವರ ಮನೆಗೆ ಕತ್ತಲಿನ ದಿನಗಳಾಗಿದ್ದವು. ಹಿರಿಯ ಮಗಳು ಜಾನ್ 1859ರಲ್ಲೇ ಒಂಬತ್ತರ ಪ್ರಾಯದಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡಿದ್ದಳು. 1865ರ ಜೂನ್ ತಿಂಗಳಲ್ಲಿ ತಂದೆ ನಿಧನರಾದರು. ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ಕಂದ ಕಮೀಲ್ ಕಣ್ಮುಚ್ಚಿತು. ಮರುವರ್ಷದ ಮೇ ತಿಂಗಳಲ್ಲಿ ಹನ್ನೆರಡು ವರ್ಷದ ಸೆಸೀಲ್ ಸಹ ವಿಷಮಶೀತಜ್ವರಕ್ಕೆ ಬಲಿಯಾದಳು. ದ್ರಾಕ್ಷಾರಸವನ್ನು ಕುರಿತ ಅವರ ಗ್ರಂಥ ಪ್ರಕಟವಾದುದು ಅದೇ 1866ರಲ್ಲಿ. ಪೀಪಾಯಿಯ ರೋಗವನ್ನು ಗುಣಪಡಿಸಬಲ್ಲವರಿಗೆ ತಮ್ಮ ಮಕ್ಕಳ ರೋಗವನ್ನು ಗುಣಪಡಿಸಲಾಗಲಿಲ್ಲ. 1868ರ ಅಕ್ಟೋಬರ್‌ನಲ್ಲಿ ಪಾರ್ಶ್ವವಾಯು ಬಡಿದು ಅವರ ದೇಹದ ಎಡಭಾಗ ಕುಂದಿತು. ಅಷ್ಟಾದರೂ ಅವರು ಕೆಲಸವನ್ನು ಬಿಡಲಿಲ್ಲ. ದ್ರಾಕ್ಷಾರಸದಲ್ಲಿ ಕಂಡ ಸತ್ಯವನ್ನೇ ಹಿಡಿದು ಪ್ರಾಣಿಗಳ ಹಾಗೂ ಮನುಷ್ಯರ ರೋಗಗಳತ್ತ ನಡೆದರು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ್ದ ಬಾಲಕ ಜೋಸೆಫ್ ಮೈಸ್ಟರನಿಗೆ ಚುಚ್ಚುಮದ್ದು ಆರಂಭವಾಗಿ, ಆ ಮಗು ಉಳಿಯಿತು. ಪರರ ಮಕ್ಕಳನ್ನು ಉಳಿಸಿದ ಆ ಕೈ ತನ್ನ ಮೂವರು ಮಕ್ಕಳನ್ನು ಮಣ್ಣಿಗಿಟ್ಟ ಕೈಯೆಂಬುದನ್ನು ನಾವು ಮರೆಯಲಾಗದು. 1907ರಲ್ಲಿ ಅವರ ಹೆಸರಿನ ಸಂಸ್ಥೆಯೊಂದು ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ ಸ್ಥಾಪಿತವಾಗಿ ದಕ್ಷಿಣ ಭಾರತದ ಜನರಿಗೆ ಈ ಚಿಕಿತ್ಸೆ ಲಭಿಸಿತು.

1895ರ ಸೆಪ್ಟೆಂಬರ್ 28ರಂದು ಪ್ಯಾರಿಸ್ಸಿನ ಹತ್ತಿರ ಪಾಶ್ಚರರು ನಿಧನರಾದರು. ಕೊನೆಯ ದಿನಗಳಲ್ಲಿ ಬಡವರ ಬಂಧು ಸಂತ ವಿನ್ಸೆಂಟ್ ದೆ ಪೌಲರ ಚರಿತ್ರೆಯನ್ನು ಓದಿಸಿ ಕೇಳುತ್ತಿದ್ದರು. ಪ್ರಾಣ ಬಿಡುವಾಗ ಅವರ ಒಂದು ಕೈ ಪತ್ನಿಯ ಕೈಯಲ್ಲಿತ್ತು; ಇನ್ನೊಂದು ಕೈ ಶಿಲುಬೆಯನ್ನು ಹಿಡಿದಿತ್ತು. ದೈವಭಕ್ತಿಯನ್ನು ಕುರಿತು ಅವರಾಡಿದರೆನ್ನಲಾಗುವ ಎಷ್ಟೋ ಮಾತುಗಳು ಪ್ರಚಾರದಲ್ಲಿವೆ. ಅವುಗಳನ್ನು ನಾವಿಲ್ಲಿ ಬರೆದಿಲ್ಲ. ಒಂದೇ ರಸವನ್ನು ಎರಡು ಬಟ್ಟಲುಗಳಲ್ಲಿಟ್ಟು ಸತ್ಯವನ್ನು ಅರಸಿದವರ ಬಗೆಗೆ ಖಚಿತವಲ್ಲದುದನ್ನು ಹೇಳುವುದು ಅವರಿಗೆ ಸಲ್ಲುವ ಗೌರವವಲ್ಲ. ಆ ಶಿಲುಬೆ ಹಿಡಿದ ಕೈಯೇ ನಮಗೆ ಸಾಕು.

ಪ್ಯಾರಿಸ್ಸಿನಲ್ಲಿ ಅವರ ಹೆಸರಿನ ಸಂಸ್ಥೆಯ ನೆಲಮಾಳಿಗೆಯಲ್ಲೇ ಅವರ ಸಮಾಧಿಯಿದೆ. ಅದರ ಗೋಡೆಗಳ ಬಣ್ಣದ ಹರಳಿನ ಚಿತ್ರಗಳಲ್ಲಿ ಕುರಿಗಳೂ ಹಿಪ್ಪುನೇರಳೆಯೂ ಇವೆ. ಅವುಗಳೊಡನೆ ಆರ್ಬುವಾ ಊರಿನ ಬಾಲಕನು ಕಂಡು ಬೆಳೆದ ದ್ರಾಕ್ಷಿಯ ಬಳ್ಳಿಯೂ ಇದೆ. ಮುಂದಿನ ಕ್ರಿಸ್ಮಸ್ಸಿಗೆ ನಮ್ಮ ಮನೆಗಳಲ್ಲಿ ಜಾಡಿಯ ಮುಚ್ಚಳ ತೆರೆದು ರುಚಿ ನೋಡುವಾಗ ನಾವು ಅವರನ್ನು ಒಮ್ಮೆ ನೆನೆಯೋಣ. ನೆರೆಮನೆಯವರ ಜಾಡಿಯದನ್ನು ಸವಿಯುವಾಗಲಂತೂ, ಅದು ಯಾರ ಮನೆಯದೆಂದು ಕೇಳುವ ಮೊದಲೇ ತೀರ್ಪು ಹೇಳೋಣ.