ರಬ್ಬಿ ಯೋಹಾನಾನರೂ ಅವರ ಶಿಷ್ಯನೂ

ಗುರುವಿನಿಂದ ಶಿಷ್ಯನು ಬೆಳೆಯುತ್ತಾನೆಂಬುದು ನಾವೆಲ್ಲರೂ ಬಲ್ಲ ಮಾತು. ಶಿಷ್ಯನಿಂದ ಗುರುವೂ ಬೆಳೆಯುತ್ತಾನೆಂಬುದನ್ನು ಯೆಹೂದ್ಯರ ಪರಂಪರೆ ಬಹು ಹಿಂದೆಯೇ ಕಂಡುಕೊಂಡಿತ್ತು. ರಬ್ಬಿ ಯೋಹಾನಾನರ ಬಾಳು ಇದಕ್ಕೆ ನಿದರ್ಶನ. ರಬ್ಬಿ ಎಂದರೆ ಗುರು.

ಯೋಹಾನಾನರು ಕ್ರಿ.ಶ. 3ನೆಯ ಶತಮಾನದವರು. ಇಂದಿನ ಇಸ್ರೇಲಿನ ಉತ್ತರಕ್ಕಿರುವ ಗಲಿಲಾಯ ಪ್ರಾಂತವು ಆಗ ರೋಮನರ ಆಳ್ವಿಕೆಯಲ್ಲಿತ್ತು. ಅಲ್ಲಿನ ಸರೋವರದ ದಡದ ತಿಬೇರಿಯ ಪಟ್ಟಣದಲ್ಲಿ ಅವರ ವಿದ್ಯಾಪೀಠವಿತ್ತು. ವಿದ್ಯೆಗಾಗಿ ಅವರು ತಮ್ಮ ಹೊಲ, ದ್ರಾಕ್ಷಿತೋಟ, ಆಲಿವ್ ತೋಪುಗಳನ್ನೇ ಮಾರಿದರೆಂದು ಪ್ರತೀತಿ.

ಅವರ ಬಾಳಿನ ಮುಖ್ಯ ಘಟನೆಯನ್ನು ಯೆಹೂದ್ಯರ ಮಹಾಗ್ರಂಥವಾದ ತಾಲ್ಮುದ್ ಹೀಗೆ ಹೇಳುತ್ತದೆ. ಒಮ್ಮೆ ಯೋಹಾನಾನರು ಜೋರ್ಡಾನ್ ನದಿಯಲ್ಲಿ ಸ್ನಾನ ಮಾಡುತ್ತಿದ್ದರು. ರೇಶ್ ಲಾಕಿಶ್ ಎಂಬ ದರೋಡೆಕೋರನು ನದಿಗೆ ಹಾರಿ ಅವರ ಬಳಿ ಬಂದನು. ಅವನ ಬಲವನ್ನು ಕಂಡ ಗುರುಗಳು, ಅದನ್ನು ವಿದ್ಯೆಗೆ ಮೀಸಲಿಟ್ಟರೆ ತಮ್ಮ ಸೋದರಿಯನ್ನು ಕೊಟ್ಟು ಮದುವೆ ಮಾಡುವುದಾಗಿ ಹೇಳಿದರು. ಅವನು ಒಪ್ಪಿ, ಕಲಿತು, ಮಹಾವಿದ್ವಾಂಸನಾದನು. ಗುರುಗಳು ಒಂದು ಮಾತು ಹೇಳಿದರೆ 24 ಆಕ್ಷೇಪಗಳನ್ನು ಎತ್ತುತ್ತಿದ್ದನು. ಅವರು 24 ಸಮಾಧಾನಗಳನ್ನು ಹುಡುಕಿ ಕೊಡಬೇಕಾಗುತ್ತಿತ್ತು. ಹೀಗೆ ಶಾಸ್ತ್ರದ ಅರ್ಥ ವಿಸ್ತಾರವಾಗುತ್ತ ಹೋಯಿತು.

ಒಂದು ದಿನ ಚರ್ಚೆಯು ಕತ್ತಿ, ಚೂರಿಗಳ ವಿಷಯಕ್ಕೆ ಬಂತು. ಅವು ಸಿದ್ಧವಾದುವೆಂದು ಯಾವಾಗ ಎಣಿಸಬೇಕು? ಕುಲುಮೆಯಲ್ಲಿ ಕಾಯಿಸಿದಾಗ ಎಂದರು ಗುರುಗಳು. ನೀರಿನಲ್ಲಿ ಹೊಳಪುಗೊಳಿಸಿದಾಗ ಎಂದನು ಶಿಷ್ಯ. ಕಳ್ಳನಿಗೆ ಅವನ ಕಸುಬು ಚೆನ್ನಾಗಿ ಗೊತ್ತೆಂದು ಗುರುಗಳು ಹಂಗಿಸಿಬಿಟ್ಟರು. ಆ ಮಾತಿನಿಂದ ಇಬ್ಬರ ಮನಸ್ಸೂ ಮುರಿಯಿತು. ಶಿಷ್ಯನು ಹಾಸಿಗೆ ಹಿಡಿದನು. ಸೋದರಿ ಅತ್ತು ಬೇಡಿಕೊಂಡರೂ ಯೋಹಾನಾನರು ಮಣಿಯಲಿಲ್ಲ. ರೇಶ್ ಲಾಕಿಶ್ ತೀರಿಕೊಂಡನು.

ಆಮೇಲೆ ಯೋಹಾನಾನರ ಶೋಕಕ್ಕೆ ಮೇರೆಯಿಲ್ಲದಾಯಿತು. ಅವರನ್ನು ಸಂತೈಸಲು ಪಂಡಿತರು ಎಲಾಜಾರ್ ಬೆನ್ ಪೆದಾತ್ ಎಂಬ ವಿದ್ವಾಂಸರನ್ನು ಕಳಿಸಿದರು. ಗುರುಗಳು ಏನು ಹೇಳಿದರೂ ಇವರು ಅದಕ್ಕೆ ಆಧಾರ ತೋರಿಸಿ ಸಮರ್ಥಿಸುತ್ತಿದ್ದರು. ಇದರಿಂದ ಗುರುಗಳ ದುಃಖ ಇಮ್ಮಡಿಸಿತು. ತಮ್ಮ ಮಾತು ಸರಿಯೆಂಬುದು ಅವರಿಗೆ ಮೊದಲೇ ಗೊತ್ತಿತ್ತು. ಎದುರು ನಿಂತು ಪ್ರಶ್ನಿಸುವವನು ಅವರಿಗೆ ಬೇಕಾಗಿದ್ದನು. ಬಟ್ಟೆ ಹರಿದುಕೊಂಡು ಶಿಷ್ಯನ ಹೆಸರು ಕೂಗುತ್ತ ಅಲೆದು, ಬುದ್ಧಿ ಸ್ಥಿಮಿತ ತಪ್ಪಿ, ಅವರು ಪ್ರಾಣ ಬಿಟ್ಟರು.

ವಿದ್ಯಾರ್ಥಿ ಮಿತ್ರರೇ, ಬರಿದೆ ಹೂಂಗುಟ್ಟುವವನಿಗಿಂತ ವಿನಯದಿಂದ ಪ್ರಶ್ನೆ ಕೇಳುವವನೇ ಗುರುವಿಗೆ ಹೆಚ್ಚಿನ ಕಾಣಿಕೆ ಕೊಡುತ್ತಾನೆ. ತಿಳಿಯದಿದ್ದರೆ ಎದ್ದು ನಿಂತು ಕೇಳಿರಿ. ಹಿರಿಯರಾದ ನಾವೂ ಒಂದು ಪಾಠ ಕಲಿಯಬೇಕಾಗಿದೆ. ಕೇಳುವ ಮಗುವಿನ ಬಾಯಿ ಮುಚ್ಚಿಸಬಾರದು. ತಿದ್ದಿಕೊಂಡವನ ಹಳೆಯ ತಪ್ಪನ್ನು ಎತ್ತಿ ಆಡಬಾರದು. ಯೋಹಾನಾನರಂತಹ ಜ್ಞಾನಿಗಳಿಗೂ ಆಡಿದ ಒಂದು ಮಾತನ್ನು ಹಿಂದಕ್ಕೆ ಪಡೆಯಲಾಗಲಿಲ್ಲ.