ಗಾನನಿಧಿಯ ಶೋಧಕರು: ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು

ಓಲೆಯ ಕಟ್ಟೊಂದು ಗೆದ್ದಲಿಗೆ ತುತ್ತಾದರೂ ಅದರ ಬೇರೊಂದು ಪ್ರತಿಯು ಇನ್ನಾವುದಾದರೂ ಮಠದಲ್ಲಿ ದೊರೆಯಬಹುದು. ಆದರೆ ಶಿಷ್ಯರಿಲ್ಲದೆ ಮಡಿದ ಗಾಯಕನೊಡನೆ ಮಣ್ಣುಗೂಡಿದ ಹಾಡನ್ನು ಮರಳಿ ತರಬಲ್ಲವರಾರು? ಈ ನಷ್ಟವನ್ನು ತಡೆಯುವುದಕ್ಕಾಗಿ ತಮ್ಮ ಆಯುಷ್ಯವನ್ನೂ ಗಳಿಕೆಯನ್ನೂ ಸವೆಸಿದ ಮಹನೀಯರಲ್ಲಿ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು ಅಗ್ರಗಣ್ಯರು. ವಚನಗಾಯನವನ್ನೂ ಶಿವಕೀರ್ತನೆಯನ್ನೂ ಪೂಜೆಯಷ್ಟೇ ಪವಿತ್ರವೆಂದು ತಿಳಿದ ಭಕ್ತಮಹಾಶಯರಿಗೆ ಇವರ ಚರಿತ್ರೆಯು ಮನನಯೋಗ್ಯವಾಗಿರುವುದು.

ಭಾತಖಂಡೆಯವರು 1860ನೆಯ ಇಸವಿ ಆಗಸ್ಟ್ 10ರಂದು, ಗೋಕುಲಾಷ್ಟಮಿಯ ದಿನ, ಮುಂಬಯಿಯ ವಾಲುಕೇಶ್ವರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕೊಳಲನ್ನೂ ಮುಂದೆ ಸಿತಾರವನ್ನೂ ಅಭ್ಯಸಿಸಿದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1885ರಲ್ಲಿ ಬಿ.ಎ. ಪದವಿಯನ್ನೂ 1887ರಲ್ಲಿ ಕಾನೂನಿನ ಪದವಿಯನ್ನೂ ಪಡೆದು ವಕೀಲಿಯನ್ನು ಕೈಗೊಂಡರು. ಇದಕ್ಕೆ ಮೊದಲೇ, 1884ರಲ್ಲಿ, ಪಾರಸಿ ಮಹನೀಯರು ಮುಂಬಯಿಯಲ್ಲಿ ಸ್ಥಾಪಿಸಿದ್ದ ಗಾಯನ ಉತ್ತೇಜಕ ಮಂಡಳಿಯನ್ನು ಅವರು ಸೇರಿದ್ದರು. ಅಲ್ಲಿ ರಾವಜೀಬುವಾ ಬೇಲಬಾಗಕರ ಅವರಿಂದ ಗಂಭೀರವಾದ ಧ್ರುಪದಗಳನ್ನೂ, ಅಲೀಹುಸೇನಖಾನರಿಂದ ಆಲಂಕಾರಿಕವಾದ ಖ್ಯಾಲಗಳನ್ನೂ ಕಲಿತರು. ಕಲಿತಂತೆಲ್ಲ ಅವರ ಸಂದೇಹಗಳು ಬೆಳೆದವು. ಒಂದೇ ರಾಗವನ್ನು ಒಬ್ಬ ಉಸ್ತಾದರು ಒಂದು ಬಗೆಯಾಗಿಯೂ ಇನ್ನೊಬ್ಬರು ಇನ್ನೊಂದು ಬಗೆಯಾಗಿಯೂ ಹಾಡುತ್ತಿದ್ದರು. ಪಂಡಿತರು ಆಧಾರವಾಗಿ ಹೇಳುತ್ತಿದ್ದ ಸಂಸ್ಕೃತ ಗ್ರಂಥಗಳಾದರೋ ಪ್ರಚಾರದಲ್ಲಿದ್ದ ಗಾಯನಕ್ಕೆ ಹೊಂದುತ್ತಿರಲಿಲ್ಲ. ನಿಜವನ್ನರಿಯಬೇಕಾದರೆ ಹಳೆಯ ಹಾಡುಗಳನ್ನೇ ಹುಡುಕಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕೆಂದು ಅವರು ನಿಶ್ಚಯಿಸಿದರು.

1900ರಲ್ಲಿ ಅವರ ಪತ್ನಿಯೂ, 1903ರಲ್ಲಿ ಒಬ್ಬಳೇ ಮಗಳೂ ತೀರಿಕೊಂಡರು. ಮನೆಯು ಬರಿದಾದ ಮೇಲೆ ಅವರ ಮನಸ್ಸು ವಕೀಲಿಯಲ್ಲಿ ನಿಲ್ಲದೆ ಹೋಯಿತು. ಸಂಗೀತವೇ ಅವರಿಗೆ ಮನೆಯೂ ಮಕ್ಕಳೂ ಆಯಿತು. 1904ರಲ್ಲಿ ದಕ್ಷಿಣಯಾತ್ರೆಯನ್ನು ಕೈಗೊಂಡು ಮದರಾಸು, ತಂಜಾವೂರು, ಮಧುರೆಗಳನ್ನು ಸಂದರ್ಶಿಸಿ, ಎಟ್ಟಯಪುರದಲ್ಲಿ ಮುತ್ತುಸ್ವಾಮಿ ದೀಕ್ಷಿತರ ವಂಶಸ್ಥರಾದ ಸುಬ್ಬರಾಮ ದೀಕ್ಷಿತರನ್ನು ಕಂಡರು. ಆ ವರ್ಷವೇ ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿಯು ಅಚ್ಚಾಗಿದ್ದಿತು. ರಾಗಗಳನ್ನು 72 ಮೇಳಗಳಲ್ಲಿ ಅಡಕಗೊಳಿಸಿದ ವೆಂಕಟಮಖಿಯ ಚತುರ್ದಂಡೀಪ್ರಕಾಶಿಕೆಯೂ ಈ ಯಾತ್ರೆಯಲ್ಲಿ ಅವರ ಕೈಸೇರಿತು. 1907ರಲ್ಲಿ ನಾಗಪುರ, ಹೈದರಾಬಾದು, ಕಲಕತ್ತೆಗಳ ಕಡೆಗೂ, 1908ರಲ್ಲಿ ಪ್ರಯಾಗ, ಕಾಶಿ, ಮಥುರೆ, ದಿಲ್ಲಿ, ಜಯಪುರ, ಬಿಕಾನೇರ, ಉದಯಪುರಗಳ ಕಡೆಗೂ ಸಂಚರಿಸಿದರು. ಹೋದೆಡೆಯಲ್ಲೆಲ್ಲ ಹಗಲು ಗ್ರಂಥಭಂಡಾರ, ಸಂಜೆ ಗಾಯಕರ ಸಹವಾಸ, ರಾತ್ರಿ ದಿನಚರಿಯ ಬರೆವಣಿಗೆ ಎಂಬುದೇ ಅವರ ಕ್ರಮವಾಯಿತು.

ಈ ಶೋಧದಿಂದ ಕನ್ನಡ ನಾಡಿಗೂ ಒಂದು ಲಾಭವಾಯಿತು. ಶಿವಗಂಗೆಯ ಬೆಟ್ಟದ ಬಳಿಯ ಸಾತನೂರಿನವನಾದ ಪುಂಡರೀಕವಿಠ್ಠಲನು 16ನೆಯ ಶತಮಾನದಲ್ಲಿ ಉತ್ತರಕ್ಕೆ ತೆರಳಿ, ಖಾನದೇಶದ ಬುರಹಾನಖಾನನ ಆಶ್ರಯದಲ್ಲಿ ಸದ್ರಾಗಚಂದ್ರೋದಯವನ್ನು ರಚಿಸಿದ್ದನು. ರಾಗಮಾಲಾ, ರಾಗಮಂಜರಿಗಳೂ ಅವನವೇ. ಎರಡು ನಾಡುಗಳ ಸಂಗೀತವನ್ನೂ ಬಲ್ಲ ಈ ಕನ್ನಡಿಗನ ಗ್ರಂಥಗಳನ್ನು ಹಸ್ತಪ್ರತಿಗಳಿಂದ ಎತ್ತಿ ಮುದ್ರಣಕ್ಕೆ ತಂದವರು ಭಾತಖಂಡೆಯವರೇ.

ಗ್ರಂಥಗಳನ್ನು ಪಡೆಯುವುದಕ್ಕಿಂತ ಹಾಡುಗಳನ್ನು ಪಡೆಯುವುದು ಕಠಿನವಾಗಿದ್ದಿತು. ಗಾಯಕರ ಮನೆತನಗಳಿಗೆ ಹಾಡೇ ಹೊಲ, ಹಾಡೇ ಹಣ. ಅಪೂರ್ವ ಚೀಜುಗಳನ್ನು ಮಗಳ ಮದುವೆಯಲ್ಲಿ ಅಳಿಯನಿಗೆ ಬಳುವಳಿಯಾಗಿ ಕೊಡುವ ರೂಢಿಯೂ ಇದ್ದಿತು. ರಾಜಾಶ್ರಯವು ಕುಂದುತ್ತಿದ್ದ ಆ ದಿನಗಳಲ್ಲಿ ಹೊಟ್ಟೆಯ ಪಾಡಾದ ವಿದ್ಯೆಯನ್ನು ಪರರಿಗೆ ತೆರೆದಿಡಲು ಅವರು ಹಿಂಜರಿದುದು ಸಹಜವೇ ಸರಿ. ಭಾತಖಂಡೆಯವರು ಅಂತಹವರ ಬಳಿ ವಿದ್ಯಾರ್ಥಿಯಂತೆ ಕುಳಿತು, ಕಾಣಿಕೆಯನ್ನೊಪ್ಪಿಸಿ, ತಾಳ್ಮೆಯಿಂದ ಕಾದರು. ಜಯಪುರದ ಮನರಂಗ ಪರಂಪರೆಯ ಮಹಮ್ಮದ ಅಲೀಖಾನರನ್ನು ಗುರುಸ್ಥಾನದಲ್ಲಿರಿಸಿ ಗೌರವಿಸಿದರು. ಅವರ ಪುತ್ರರಾದ ಆಶಿಕ ಅಲೀ, ಅಹಮದ ಅಲೀ ಎಂಬವರ ಕಂಠದಿಂದ ನೂರಾರು ಖ್ಯಾಲಗಳನ್ನು ಫೋನೋಗ್ರಾಫ್ ಯಂತ್ರದಲ್ಲಿ ಹಿಡಿದಿಟ್ಟು ಬಳಿಕ ಸ್ವರಲಿಪಿಗಿಳಿಸಿದರು. ರಾಮಪುರದ ನವಾಬ ಹಾಮಿದ ಅಲೀಖಾನರ ಆಸ್ಥಾನದಲ್ಲಿ ಶಿಷ್ಯತ್ವವನ್ನು ಸ್ವೀಕರಿಸಿ, ತಾನಸೇನರ ಪರಂಪರೆಯ ಧ್ರುಪದ ಹೋರಿಗಳನ್ನು ಸಂಪಾದಿಸಿದರು. ನಡುವಯಸ್ಸನ್ನು ಮೀರಿದ ವಿದ್ವಾಂಸರು ಮತ್ತೊಬ್ಬರ ಮುಂದೆ ಶಿಷ್ಯರಾಗಿ ಬಾಗುವುದು ಸಾಮಾನ್ಯವಾದ ಸಂಗತಿಯಲ್ಲ.

ಹಾಡು ದೊರೆತರೆ ಅದನ್ನು ಕಟ್ಟಿದವರ ಹೆಸರೂ ದೊರೆಯುವುದುಂಟು. ಕೂಡಲಸಂಗಮದೇವನೆಂಬ ಅಂಕಿತದಿಂದ ಬಸವಣ್ಣನವರ ವಚನವನ್ನೂ ಚೆನ್ನಮಲ್ಲಿಕಾರ್ಜುನನೆಂಬ ಅಂಕಿತದಿಂದ ಅಕ್ಕಮಹಾದೇವಿಯವರ ವಚನವನ್ನೂ ನಾವು ಗುರುತಿಸುವಂತೆ, ಸದಾರಂಗ ಎಂಬ ಮುದ್ರೆಯಿಂದ ದಿಲ್ಲಿಯ ಮಹಮ್ಮದಶಾಹನ ಆಸ್ಥಾನದ ಬೀನಕಾರ ನಿಯಾಮತಖಾನರನ್ನೂ, ಅದಾರಂಗ ಎಂಬುದರಿಂದ ಫಿರೋಜಖಾನರನ್ನೂ ಗುರುತಿಸಬಹುದು. ದೊರೆಗಳ ಹೆಸರು ಇತಿಹಾಸದಲ್ಲಿ ಉಳಿದಿದ್ದಿತು. ಆ ದೊರೆಗಳನ್ನು ತಣಿಸಿದ ಗಾಯಕರ ಹೆಸರು ಹಾಡಿನ ಕೊನೆಯ ಸಾಲಿನಲ್ಲಿ ಮಾತ್ರವೇ ಅಡಗಿದ್ದಿತು. ಅಂತಹ ಹಾಡುಗಳು ಅಚ್ಚಾದುದರಿಂದ ಆ ಹೆಸರುಗಳು ಸಾಮಾನ್ಯ ವಿದ್ಯಾರ್ಥಿಗೂ ತಿಳಿದುಬಂದವು.

ಸಂಗ್ರಹಿಸಿದುದನ್ನು ಭಾತಖಂಡೆಯವರು ಪೆಟ್ಟಿಗೆಯಲ್ಲಿಡಲಿಲ್ಲ. ಚತುರಪಂಡಿತನೆಂಬ ಗುಪ್ತನಾಮದಿಂದ ಶ್ರೀಮಲ್ಲಕ್ಷ್ಯಸಂಗೀತವನ್ನು ಸಂಸ್ಕೃತದಲ್ಲಿಯೂ, ಹಿಂದುಸ್ತಾನಿ ಸಂಗೀತ ಪದ್ಧತಿಯ ನಾಲ್ಕು ಸಂಪುಟಗಳನ್ನು ಮರಾಠಿಯಲ್ಲಿಯೂ ಬರೆದರು. ರಾಗಗಳನ್ನು ಬಿಲಾವಲ, ಕಲ್ಯಾಣ, ಖಮಾಜ, ಭೈರವ, ಪೂರ್ವಿ, ಮಾರವಾ, ಕಾಫಿ, ಆಸಾವರಿ, ಭೈರವಿ, ತೋಡಿ ಎಂಬ 10 ಥಾಟುಗಳಲ್ಲಿ ವಿಂಗಡಿಸಿದರು. ಧ್ರುಪದ, ಧಮಾರ, ಖ್ಯಾಲ, ತರಾನಾ ಮುಂತಾದ ಸಾವಿರಕ್ಕೂ ಮಿಕ್ಕ ರಚನೆಗಳು ಸ್ವರಲಿಪಿಸಹಿತವಾಗಿ ಕ್ರಮಿಕ ಪುಸ್ತಕ ಮಾಲಿಕೆಯ 6 ಭಾಗಗಳಲ್ಲಿ ಸೇರಿದವು. ಅದರ ಕೊನೆಯ ಭಾಗಗಳು ಅವರ ನಿಧನಾನಂತರ ಪ್ರಕಟವಾದವು.

ಈ ಕಾರ್ಯಕ್ಕೆ ಆಕ್ಷೇಪಗಳೂ ಬಂದವು. ಸ್ವರಲಿಪಿಯು ಹಾಡಿನ ಅಸ್ಥಿಪಂಜರವನ್ನು ತೋರೀತೇ ಹೊರತು ಮೀಂಡಿನ ಎಳೆತವನ್ನೂ ಕಂಠದ ಕಂಪನವನ್ನೂ ತೋರಲಾರದೆಂದು ಗಾಯಕರು ಹೇಳಿದರು. ಎಲ್ಲ ರಾಗಗಳೂ ಹತ್ತು ಥಾಟುಗಳಲ್ಲಿ ಅಡಗವೆಂದು ಶಾಸ್ತ್ರಜ್ಞರು ವಾದಿಸಿದರು. ಉಸ್ತಾದರ ಶಾಸ್ತ್ರಜ್ಞಾನವನ್ನು ಕುರಿತು ಅವರಾಡಿದ ಮಾತುಗಳು ಕೆಲವೊಮ್ಮೆ ಕಟುವಾಗಿದ್ದುವು. ಈ ಆಕ್ಷೇಪಗಳಲ್ಲಿ ಸತ್ಯವಿಲ್ಲವೆನ್ನಲಾಗದು. ಆದರೂ ಗುರುವಿನ ಕಂಠವೇ ಇಲ್ಲದಾದ ಮೇಲೆ ಅಸ್ಥಿಪಂಜರವಾದರೂ ಉಳಿದಿದ್ದರೆ, ಬಲ್ಲವನು ಅದಕ್ಕೆ ಮತ್ತೆ ಉಸಿರನ್ನು ತುಂಬಬಹುದು. ಏನೂ ಉಳಿಯದಿದ್ದರೆ ತುಂಬುವುದೆಲ್ಲಿಗೆ?

1916ರಲ್ಲಿ ಬಡೋದೆಯ ಸಯಾಜಿರಾವ ಮಹಾರಾಜರ ಆಶ್ರಯದಲ್ಲಿ ಮೊದಲನೆಯ ಅಖಿಲಭಾರತ ಸಂಗೀತ ಪರಿಷತ್ತು ಅವರ ಪ್ರಯತ್ನದಿಂದ ನೆರೆಯಿತು. 1918ರಲ್ಲಿ ಗ್ವಾಲಿಯರದ ಮಾಧವ ಸಂಗೀತ ವಿದ್ಯಾಲಯವೂ, 1926ರಲ್ಲಿ ಲಖನೌದ ಮ್ಯಾರಿಸ್ ಸಂಗೀತ ಕಾಲೇಜೂ ಆರಂಭವಾದವು. ಲಖನೌದ ಆ ವಿದ್ಯಾಲಯವು ಇಂದು ಅವರ ಹೆಸರನ್ನೇ ಧರಿಸಿದ ವಿಶ್ವವಿದ್ಯಾಲಯವಾಗಿರುವುದು. 1933ರಲ್ಲಿ ಪಕ್ಷಾಘಾತವು ಅವರನ್ನು ಹಾಸಿಗೆಗೆ ಕೆಡವಿತು. 1936ನೆಯ ಇಸವಿ ಸಪ್ಟಂಬರ 19ರಂದು, ಗಣೇಶ ಚತುರ್ಥಿಯ ದಿನ, ಅವರು ದೇಹವನ್ನು ಬಿಟ್ಟರು.

ಹತ್ತು ಮನೆಗಳಲ್ಲಿ ಬಚ್ಚಿಟ್ಟ ದೀಪಗಳನ್ನು ಬೀದಿಯ ಬೆಳಕಾಗಿಸಿದುದು ಇವರ ಜೀವನದ ಸಾರ. ನಮ್ಮ ಹಳ್ಳಿಗಳಲ್ಲಿಯೂ ಭಜನೆಯ ಮುದುಕರೂ ಬೀಸುವಕಲ್ಲಿನ ಪದಗಳನ್ನು ಬಲ್ಲ ಅಜ್ಜಿಯರೂ ಇರುವರು. ಅವರ ಬಳಿ ಕುಳಿತು ಹಾಡನ್ನೂ, ಅದನ್ನು ಯಾರಿಂದ ಕಲಿತರೆಂಬುದನ್ನೂ ಇಂದೇ ಬರೆದಿಟ್ಟುಕೊಳ್ಳುವುದು ಜ್ಞಾನದಾಸೋಹವೇ ಆಗಿರುವುದು. ಶಿವನು ಅಂತಹ ಬುದ್ಧಿಯನ್ನು ಸರ್ವರಿಗೂ ಕರುಣಿಸಲಿ.