ದಿವಾನ್ ಪೂರ್ಣಯ್ಯ

ಶ್ರೀರಂಗಪಟ್ಟಣಕ್ಕೆ ಪೂರ್ವದಲ್ಲಿ, ಕಾವೇರಿಗೆ ಸಮೀಪವಾಗಿ ಅರಕೆರೆ ಎಂಬ ಊರಿದೆ. 1791ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನ ದೊಡ್ಡ ಸೈನ್ಯವು ಇಲ್ಲಿಗೆ ಬಂದು ಬೀಡುಬಿಟ್ಟಿತು. ಟಿಪ್ಪುಸುಲ್ತಾನನ ರಾಜಧಾನಿಯನ್ನು ಹಿಡಿಯುವುದೇ ಅದರ ಗುರಿಯಾಗಿತ್ತು. ಆದರೆ ಮಳೆಯಿಂದ ಹೊಳೆ ತುಂಬಿತ್ತು. ಮೇವಿಲ್ಲದೆ ಎತ್ತುಗಳು ಸಾಯತೊಡಗಿದ್ದವು. ಸೈನಿಕರಿಗೆ ಧಾನ್ಯವೂ ಸಾಲದಾಯಿತು. ಕೆಲವು ದಿನಗಳಲ್ಲಿಯೇ ಕಾರ್ನ್‌ವಾಲಿಸನು ತನ್ನ ಭಾರಿ ತೋಪುಗಳನ್ನು ತಾನೇ ನಾಶಗೊಳಿಸಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಅಂದು ಪಾರಾದ ಆ ರಾಜಧಾನಿಯು ಎಂಟು ವರ್ಷಗಳ ಬಳಿಕ ಬಿದ್ದುಹೋಯಿತು. ಅದರ ಏಳಿಗೆಯನ್ನೂ ಇಳಿಗಾಲವನ್ನೂ ಒಳಗಿನಿಂದ ಕಂಡು, ಅದಕ್ಕೆ ಬದಲಾಗಿ ಬೇರೊಂದು ರಾಜಧಾನಿಯನ್ನು ಕಟ್ಟುವ ಹೊಣೆಯನ್ನು ಹೊತ್ತವರು ಪೂರ್ಣಯ್ಯನವರು.

ಪೂರ್ಣಯ್ಯನವರು 1746ರಲ್ಲಿ ಒಂದು ಬಡ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಹೊಟ್ಟೆಪಾಡಿಗಾಗಿ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಸುಂದರವಾದ ಬರವಣಿಗೆ, ತಪ್ಪಿಲ್ಲದ ಲೆಕ್ಕ, ಅಪಾರವಾದ ನೆನಪಿನ ಶಕ್ತಿ, ಇವು ಅವರನ್ನು ಹೈದರಾಲಿಯ ಬಳಿಗೆ ಕರೆದೊಯ್ದವು. ಹೈದರನು ಅವರನ್ನು ಎಷ್ಟು ನಂಬಿದ್ದನೆಂಬುದಕ್ಕೆ ಒಂದು ಪ್ರಸಂಗ ಸಾಕು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಸಮೀಪದ ದಂಡಿನ ಬೀಡಿನಲ್ಲಿ ಹೈದರನು ಮರಣಹೊಂದಿದಾಗ ಟಿಪ್ಪುವು ಬಹುದೂರದ ಮಲಬಾರಿನಲ್ಲಿದ್ದನು. ಸುದ್ದಿ ಹರಡಿದ್ದರೆ ಸೈನ್ಯ ಚದುರಿಹೋಗುತ್ತಿತ್ತು. ಪೂರ್ಣಯ್ಯನವರೂ ಇತರ ಕೆಲವು ಅಧಿಕಾರಿಗಳೂ ಟಿಪ್ಪುವು ಬಂದು ಸೇರುವವರೆಗೆ ಮರಣವಾರ್ತೆಯನ್ನು ಗುಟ್ಟಾಗಿಟ್ಟು ಬೀಡನ್ನು ಕಾಪಾಡಿದರು. ಟಿಪ್ಪುವಿನ ಆಳ್ವಿಕೆಯಲ್ಲಿ ಅವರು ಹಣಕಾಸನ್ನು ನೋಡಿಕೊಂಡರು. ರಣರಂಗದಲ್ಲಿ ಸೇನೆಯನ್ನೂ ನಡೆಸಿದರು.

ಆ ಕಾಲದ ಶ್ರೀರಂಗಪಟ್ಟಣವು ಅರಸರ ಇಚ್ಛೆಯಿಂದ ಬೆಳೆದ ನಗರವಾಗಿತ್ತು. ಶಿರಾದಿಂದ ಸಾವಿರಾರು ಕುಟುಂಬಗಳನ್ನು ಬಲವಂತವಾಗಿ ಕರೆತಂದು ಗಂಜಾಮಿನಲ್ಲಿ ನೆಲೆಗೊಳಿಸಲಾಯಿತು. ಸೈನ್ಯಕ್ಕೆ ಆಯುಧ ಮಾಡುವವರು, ಅರಮನೆಗೆ ಬಟ್ಟೆ ನೇಯುವವರು, ಒಡವೆ ಮಾಡುವವರು, ಸಾಲ ಕೊಡುವ ಸಾಹುಕಾರರು, ಎಲ್ಲರೂ ಆ ದ್ವೀಪದಲ್ಲಿ ತುಂಬಿಕೊಂಡರು. ಇತ್ತ ಮೈಸೂರಿನ ಗತಿಯೇ ಬೇರೆಯಾಗಿತ್ತು. ಟಿಪ್ಪುವು ಅಲ್ಲಿಯ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸಮೀಪದ ದಿಬ್ಬಕ್ಕೆ ಸಾಗಿಸಿ, ನಜರಬಾದ್ ಎಂಬ ಹೊಸ ಕೋಟೆಯನ್ನು ಕಟ್ಟಿಸತೊಡಗಿದ್ದನು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು. ಟಿಪ್ಪುವು ಹೋರಾಡುತ್ತಲೇ ಮಡಿದನು. ಗೆದ್ದವರು ಮೈಸೂರಿನ ರಾಜ್ಯವನ್ನು ಒಡೆಯರ ವಂಶಕ್ಕೆ ಮರಳಿಸಿದರಾದರೂ ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ತಮಗೇ ಇಟ್ಟುಕೊಂಡರು. ಈ ಒಂದು ತೀರ್ಮಾನದಿಂದ ಎರಡು ಊರುಗಳ ಹಣೆಬರಹ ಬದಲಾಯಿತು. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಅರಮನೆಯೇ ಉಳಿದಿರಲಿಲ್ಲವಾದ್ದರಿಂದ ಆ ಸಮಾರಂಭವು ಚಪ್ಪರದ ಕೆಳಗೆ ನಡೆಯಿತು! ಬಾಲ ಅರಸರ ದಿವಾನರಾಗಿ ಪೂರ್ಣಯ್ಯನವರು ನೇಮಕಗೊಂಡರು. ನಿನ್ನೆಯವರೆಗೆ ಟಿಪ್ಪುವಿನ ಮಂತ್ರಿಯಾಗಿದ್ದವರು ಇಂಗ್ಲಿಷರ ಒಪ್ಪಿಗೆಯಿಂದ ಅಧಿಕಾರ ಪಡೆದುದನ್ನು ಆಕ್ಷೇಪಿಸಿದವರುಂಟು. ಆ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಯುದ್ಧದಿಂದ ಹಾಳಾದ ನಾಡಿನ ಲೆಕ್ಕವನ್ನು ಅವರಷ್ಟು ಬಲ್ಲವರು ಆಗ ಇನ್ನೊಬ್ಬರಿರಲಿಲ್ಲವೆಂಬುದೂ ನಿಜ.

ಹೊಸ ದಿವಾನರ ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಒಪ್ಪಂದದಂತೆ ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪನಿಗೆ ಸಲ್ಲಿಸಬೇಕಾಗಿತ್ತು. ಉಳಿದುದರಲ್ಲಿಯೇ ಅವರು ಕೆರೆಕಾಲುವೆಗಳನ್ನು ದುರಸ್ತಿಮಾಡಿಸಿದರು, ರಸ್ತೆಗಳನ್ನು ಮಾಡಿಸಿದರು. ನಜರಬಾದಿನ ಕಲ್ಲುಗಳು ಮತ್ತೆ ಮೈಸೂರಿಗೆ ಹಿಂದಿರುಗಿ ಕೋಟೆಯ ಗೋಡೆಗಳಾದವು. ಹೀಗೆ ಒಂದೇ ಕಲ್ಲು ಎರಡು ಆಳ್ವಿಕೆಗಳ ಆಜ್ಞೆಯಂತೆ ಹೋಗಿಬಂದುದು ವಿಚಿತ್ರವಲ್ಲವೇ? ಕೋಟೆಯೊಳಗೆ ಅರಮನೆ ಎದ್ದಿತು; ಅದರ ಸುತ್ತ ಕಚೇರಿಗಳೂ ಪೇಟೆಗಳೂ ಬೆಳೆದವು. ಬೆಳೆಯುವ ಊರಿಗೆ ಕಾವೇರಿಯ ನೀರನ್ನು ತರಬೇಕೆಂದು ಪೂರ್ಣಯ್ಯನವರು ದೊಡ್ಡದೊಂದು ನಾಲೆಯನ್ನು ತೋಡಿಸಿದರು. ಬಹಳ ಹಣ ವೆಚ್ಚವಾದರೂ ಈ ಪ್ರಯತ್ನ ಫಲಿಸಲಿಲ್ಲ. ಪೂರ್ಣಯ್ಯನ ನಾಲೆಯೆಂದು ಹೆಸರಾದ ಆ ಕಂದಕವನ್ನು ಬಹುಕಾಲದ ಮೇಲೆ ಮುಚ್ಚಿಸಲಾಯಿತು. ಇಂದಿನ ಸಯ್ಯಾಜಿರಾವ್ ರಸ್ತೆ ಇರುವುದು ಅದರ ಮೇಲೆಯೇ.

ಆದರೆ ಅವರ ಇನ್ನೊಂದು ಕೆಲಸ ಗಟ್ಟಿಯಾಗಿ ನಿಂತಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆಯೊಂದು 1804ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಪೂರ್ಣಗೊಂಡಿತು. ನದಿಯ ಬಂಡೆಯಲ್ಲಿ ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ, ಈ ನೆಲದ ಶಿಲ್ಪಿಗಳೇ ಅದನ್ನು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು.

ಇಷ್ಟರಲ್ಲಿ ಹಳೆಯ ರಾಜಧಾನಿಯು ಬರಿದಾಗುತ್ತಿತ್ತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷದಷ್ಟು ಜನರಿದ್ದರೆಂದು ಭಾವಿಸಲಾದ ಆ ದ್ವೀಪದಲ್ಲಿ, 1800ರಲ್ಲಿ ಅಲ್ಲಿಗೆ ಬಂದ ಬುಕನನ್ ಎಂಬ ಪ್ರವಾಸಿಯ ಅಂದಾಜಿನಂತೆ, ಉಳಿದವರು ಸುಮಾರು 32 ಸಾವಿರ. ಆಸ್ಥಾನವಿಲ್ಲದ ಮೇಲೆ ಒಡವೆಯನ್ನು ಕೊಳ್ಳುವವರಾರು? ಕತ್ತಿಯನ್ನು ಮಾಡಿಸುವವರಾರು? ಇಂಗ್ಲಿಷರ ದಂಡು ಇದ್ದುದರಿಂದ ಪೇಟೆ ಕೆಲವು ವರ್ಷ ಉಸಿರಾಡಿತು. ಆದರೆ ಚಳಿಜ್ವರದ ಹಾವಳಿಗೆ ಸೈನಿಕರು ತುತ್ತಾಗುತ್ತಿದ್ದರು. 1809ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶ ಸ್ಥಾಪನೆಯಾಗಿ, ಮುಂದೆ ಸೈನ್ಯದ ಕೇಂದ್ರವೂ ಅಲ್ಲಿಗೆ ಹೋಯಿತು. ಅದರೊಡನೆ ವ್ಯಾಪಾರಿಗಳೂ ಹೋದರು.

1807ರಲ್ಲಿ ಪೂರ್ಣಯ್ಯನವರಿಗೆ ಯಳಂದೂರಿನ ಜಹಗೀರು ದೊರೆಯಿತು. ಬಾಲ ಅರಸರು ಯುವಕರಾದಂತೆ ಆಡಳಿತವನ್ನು ತಾವೇ ವಹಿಸಿಕೊಳ್ಳಬಯಸಿದರು. ದೀರ್ಘಕಾಲ ಅಧಿಕಾರದಲ್ಲಿದ್ದ ವೃದ್ಧ ದಿವಾನರಿಗೂ ಅವರಿಗೂ ಮನಸ್ತಾಪ ಬೆಳೆಯಿತು. 1811ರ ವೇಳೆಗೆ ಪೂರ್ಣಯ್ಯನವರು ಅಧಿಕಾರವನ್ನು ತೊರೆದು ಶ್ರೀರಂಗಪಟ್ಟಣಕ್ಕೆ ಹೋಗಿ ನೆಲೆಸಿದರು. ಮರುವರ್ಷ ಮಾರ್ಚ್ ತಿಂಗಳಿನಲ್ಲಿ, ತಾವು ಹೈದರನನ್ನೂ ಟಿಪ್ಪುವನ್ನೂ ಸೇವಿಸಿದ ಆ ಬರಿದಾದ ಊರಿನಲ್ಲಿಯೇ ಅವರು ಕೊನೆಯುಸಿರೆಳೆದರು.